ಇನ್ನೊಂದು ಬಿಸಿಲು

ನಿನ್ನೆ ಬೆಳಗಿನಿಂದ ಉತ್ತರದ ಗಾಳಿ ಬೀಸುತ್ತಿದೆ. ಮೆಲ್ಬರ್ನಿನಲ್ಲಿ ನವೆಂಬರ್ ಹೊತ್ತಿಗೆ ಈ ಗಾಳಿ ಎದ್ದಿತೆಂದರೆ ಒಂದೇ ದಿನದಲ್ಲಿ ಸ್ವೆಟರ್ ಒಳಗಿಟ್ಟು ಫ್ಯಾನ್ ಹಾಕಬೇಕಾಗುತ್ತದೆ. ಊರಂಚಿನ ಬಡಾವಣೆ ಟಾರ್ನೀಟಿನ ನಮ್ಮ ಬೀದಿಯ ಕೊನೆಯಲ್ಲಿ ಮನೆಗಳು ಮುಗಿದು ಸೊಂಟದೆತ್ತರದ ಹುಲ್ಲು ಶುರುವಾಗುತ್ತದೆ. ಗಾಳಿ ಆ ಹುಲ್ಲಿನ ಮೇಲೆ ಹಾದು ನೇರ ನಮ್ಮ ಹಿತ್ತಿಲಿಗೆ ಬರುತ್ತದೆ. ಇವತ್ತು ಎದ್ದವಳೇ ಕಿಟಕಿಗಳನ್ನೆಲ್ಲ ಮುಚ್ಚಿ ಬೇಲಿಯಾಚೆ ನೋಡಿದೆ. ಪಕ್ಕದ ಮನೆಯ ಟ್ರ್ಯಾಂಪೊಲಿನ್ ಖಾಲಿ ಇತ್ತು. ಹೋದ ವರ್ಷ ಇಂಥದೇ ಗಾಳಿಯ ದಿನ ಅದರ ಮೇಲೆ ಸಂಡಿಗೆ ಒಣಗುತ್ತಿತ್ತು. ಆ ಸಂಜೆಯೇ ಸಂಡಿಗೆ ಹಾಕಿದಾಕೆ ತೀರಿಕೊಂಡಳು.

ಆಕೆಯ ಹೆಸರು ಬರೆಯಲು ಕೈ ಬರುತ್ತಿಲ್ಲ. ಬೀದಿಯ ಮಕ್ಕಳಿಗೆಲ್ಲ ಆಕೆ ಆಂಟಿ. ವಾರದಲ್ಲಿ ಕೆಲವು ದಿನ ಕೆಲಸಕ್ಕೆ ಹೋಗುತ್ತಿದ್ದ ಚೈಲ್ಡ್‌ಕೇರಿನಲ್ಲಿ ಅಲ್ಲಿನವರ ನಾಲಿಗೆ ಹೊರಳಿದಷ್ಟು ಕತ್ತರಿಸಿಕೊಂಡ ಒಂದು ಚೂರು ಹೆಸರು. ನನಗಿಂತ ಚಿಕ್ಕವಳು, ಧಾರವಾಡದವಳು. ನಾನು ಮೈಸೂರಿನವಳು. ನಮ್ಮಿಬ್ಬರ ನಡುವೆ ಒಂದು ತಗಡಿನ ಬೇಲಿ. ಆ ಬೇಲಿಯ ಮೇಲೆ ಸಾರು ದಾಟಿದೆ, ರೊಟ್ಟಿ ದಾಟಿದೆ, ಮಾತಂತೂ ಲೆಕ್ಕವಿಲ್ಲದಷ್ಟು ದಾಟಿದೆ. ನನ್ನ ಹುಳಿಯನ್ನು ಆಕೆ ಪಾಯಸ ಎನ್ನುತ್ತಿದ್ದಳು. ಆಕೆಯ ಕೆಂಪು ಚಟ್ನಿ ತಿಂದು ನಾನು ಮೂಗು ಒರೆಸಿಕೊಂಡರೆ ಬೇಲಿ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಸಿಟ್ಟು ಬೇಗ ಬರುತ್ತದೆ, ಆಕೆಗೆ ನಗು. ಆದ್ದರಿಂದ ನಮ್ಮ ಜಗಳ ಎಂದೂ ಎರಡನೆಯ ದಿನಕ್ಕೆ ಹೋಗಲಿಲ್ಲ.

ವಸಂತ ಬಂತೆಂದು ನಮಗೆ ಗೊತ್ತಾಗುತ್ತಿದ್ದದ್ದು ಆಕೆಯ ಸೀನಿನಿಂದ. ಸೆಪ್ಟೆಂಬರಿನ ಯಾವುದೋ ಬೆಳಗ್ಗೆ ಬೇಲಿಯಾಚೆ ಒಂದರ ಹಿಂದೊಂದು ಸೀನು ಕೇಳಿಸಿದರೆ ನನ್ನ ಗಂಡ ಕಾಫಿ ಕುಡಿಯುತ್ತಾ, ಸ್ಪ್ರಿಂಗ್ ಶುರುವಾಯಿತು ನೋಡು ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ಆಕೆಯೂ ನಗುತ್ತಿದ್ದಳು. ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಚಳಿಗಾಲದ ರಜಾಯಿಗಳನ್ನು ಹೊರಗೆಳೆದು ಬಿಸಿಲಿಗೆ ಹಾಕುವುದು, ತರಕಾರಿ ಅಂಗಡಿಯಿಂದ ತಂದ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಮೆಂತ್ಯ, ಕೊತ್ತಂಬರಿ ಬಿತ್ತುವುದು, ಬಸವನಹುಳುಗಳಿಗೆ ಹಿಡಿಶಾಪ ಹಾಕುವುದು, ಗಂಡನ ಟಿಫಿನ್ ಕಟ್ಟುವುದು, ತಾನು ಕೆಲಸಕ್ಕೆ ಓಡುವುದು. ಅಕ್ಟೋಬರಿನಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರಲ್ಲ, ಆಕೆ ಅಡುಗೆಮನೆಯ ಗಡಿಯಾರವನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಬಿಸಿಲೇನು ಸರ್ಕಾರ ಹೇಳಿದ್ದಕ್ಕೆ ಬೇಗ ಏಳುತ್ತದೆಯೇ ಎಂಬುದು ಆಕೆಯ ವಾದ. ಹೀಗಾಗಿ ಆ ಮನೆಯ ಹಾಲಿನಲ್ಲಿ ಒಂದು ಹೊತ್ತು, ಅಡುಗೆಮನೆಯಲ್ಲಿ ಇನ್ನೊಂದು ಹೊತ್ತು. ಪಾಪ, ಗಂಡ ಎರಡನ್ನೂ ನೋಡಿಕೊಂಡು ಟ್ರೇನ್ ಹಿಡಿಯಬೇಕಿತ್ತು.

ವಸಂತದಲ್ಲಿ ಇಲ್ಲಿನ ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡುತ್ತವೆ. ಆಗ ಅವಕ್ಕೆ ತಲೆ ಕೆಟ್ಟು ದಾರಿಯಲ್ಲಿ ಹೋಗುವವರ ನೆತ್ತಿಗೆ ಕುಕ್ಕಲು ಬರುತ್ತವೆ. ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಶಾಲೆಗೆ ನಡೆಯುತ್ತಾರೆ, ನಾನು ಬಿಸಿಲಿನಲ್ಲೂ ಛತ್ರಿ ಹಿಡಿಯುತ್ತೇನೆ. ಆಕೆ ಬರೀ ತಲೆಯಲ್ಲಿ ಹೋಗುತ್ತಿದ್ದಳು. ಊರಲ್ಲಿ ಕಾಗೆಗೆ ಇಡುವಂತೆ ದಿನವೂ ಒಂದು ತುತ್ತು ಅನ್ನ ಬೇಲಿಯ ಮೇಲಿಡುತ್ತಿದ್ದಳು, ಆ ಹಕ್ಕಿ ಆಕೆಯ ಗುರುತು ಹಿಡಿದಿತ್ತು. ನನ್ನನ್ನು ಮಾತ್ರ ಬಿಡದೆ ಅಟ್ಟಿಸಿಕೊಂಡು ಬರುತ್ತಿತ್ತು. ಸಾರಿಗೆ ಬೆಲ್ಲ ಹಾಕುವವರನ್ನು ಕಂಡರೆ ಅದಕ್ಕೆ ಆಗುವುದಿಲ್ಲ ಎಂದು ಆಕೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಇಷ್ಟೆಲ್ಲದರ ನಡುವೆ ಆಕೆ ನಿಜವಾಗಿ ಕಾಯುತ್ತಿದ್ದದ್ದು ಸಂಡಿಗೆಯ ಬಿಸಿಲಿಗೆ. ಊರಲ್ಲಾದರೆ ಹೋಳಿ ಹುಣ್ಣಿಮೆಯ ಸುಮಾರಿಗೆ ಹಾಕುವ ಸಂಡಿಗೆ ಇಲ್ಲಿ ದೀಪಾವಳಿ ಕಳೆದ ಮೇಲೆ. ಮಗಳು ಶಾಲ್ಮಲಾ ಚಿಕ್ಕವಳಿದ್ದಾಗ ಕೊಂಡ ಟ್ರ್ಯಾಂಪೊಲಿನ್ ಹಿತ್ತಿಲಲ್ಲಿತ್ತು. ಹುಡುಗಿ ಬೆಳೆದು ಅದರ ಮೇಲೆ ಕುಣಿಯುವುದನ್ನು ಬಿಟ್ಟಳು, ತಾಯಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಕರಿಯ ಹಾಸು ಬಿಸಿಲಿಗೆ ಕಾದು ಕಾವಲಿಯಾಗುತ್ತದೆ, ಕೆಳಗಿನಿಂದ ಗಾಳಿ ಆಡುತ್ತದೆ, ಸುತ್ತಲೂ ಬಲೆ ಇರುವುದರಿಂದ ಹಕ್ಕಿಯ ಕಾಟವಿಲ್ಲ. ದೇವರು ಇದನ್ನು ಸಂಡಿಗೆಗೆಂದೇ ಮಾಡಿದ್ದು, ಆಸ್ಟ್ರೇಲಿಯಾದವರಿಗೆ ಗೊತ್ತಾಗದೆ ಮಕ್ಕಳನ್ನು ಕುಣಿಸುತ್ತಿದ್ದಾರೆ ಎನ್ನುತ್ತಿದ್ದಳು. ಮೊದಲ ವರ್ಷ ಒಳಗೆ ಹತ್ತಿ ಕೂತಳು. ಆಕೆಯ ಭಾರಕ್ಕೆ ಹಾಸು ತಗ್ಗಿ, ಒತ್ತಿದ ಸಂಡಿಗೆಯೆಲ್ಲ ಜಾರಿ ಬಂದು ಮಡಿಲು ಸೇರಿತು. ಆ ಮೇಲೆ ನಾನೊಂದು ಬದಿ, ಆಕೆಯೊಂದು ಬದಿ ನಿಂತು ಹಳೆಯ ಧೋತರ ಹಾಸುವುದು, ಸಂಜೆ ಎರಡೂ ಕಡೆಯಿಂದ ಅಂಚು ಹಿಡಿದು ಎತ್ತುವುದು ರೂಢಿಯಾಯಿತು. ಅದು ಇಬ್ಬರ ಕೆಲಸ.

ಒಣಗಿತೋ ಇಲ್ಲವೋ ನೋಡಲು ಆಕೆ ಸಂಡಿಗೆಯನ್ನು ಬಾಯಿಗೆ ಹಾಕುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. ಟಕ್ ಎಂದರೆ ಡಬ್ಬಿಗೆ, ಸುಮ್ಮನೆ ಬಾಗಿದರೆ ಮತ್ತೆ ಧೋತರಕ್ಕೆ. "ಇನ್ನೊಂದು ಬಿಸಲು ಬೇಕ್ರಿ, ಅಕ್ಕಾರ" ಎನ್ನುತ್ತಿದ್ದಳು. ಈ ಮಾತು ಸಂಡಿಗೆಯಲ್ಲೇ ನಿಲ್ಲುತ್ತಿರಲಿಲ್ಲ. ಹೊಸದಾಗಿ ಡ್ರೈವಿಂಗ್ ಕಲಿತು ಗಾಡಿಯನ್ನು ಕಂಬಕ್ಕೆ ತಾಗಿಸಿದ ನನ್ನ ಗಂಡನಿಗೂ ಇನ್ನೊಂದು ಬಿಸಿಲು ಬೇಕಾಗಿತ್ತು. ಪಿಆರ್, ಅಂದರೆ ಇಲ್ಲೇ ನೆಲೆಸುವ ಅನುಮತಿ, ಸಿಗುವ ಮೊದಲೇ ಮನೆ ನೋಡಲು ಹೊರಟ ಎದುರು ಮನೆಯ ಹೊಸ ಜೋಡಿಗೂ ಅಷ್ಟೇ.

ಶಾಲ್ಮಲಾ, ಮನೆಯಲ್ಲಿ ಶಾಲು, ಓದಲು ಸಿಡ್ನಿಗೆ ಹೋದಳು. ಓದು ಮುಗಿದ ಮೇಲೆ ಅಲ್ಲೇ ಕೆಲಸ ಹಿಡಿದಳು. ಒಬ್ಬಳೇ ಮಗಳು. ಮೆಲ್ಬರ್ನಿನಿಂದ ಸಿಡ್ನಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ನಾನು ಆಕೆಗೆ ಸಮಾಧಾನ ಹೇಳಲು ಹೋದೆ. ಹೊತ್ತಿನ ಮಾತಲ್ಲ, ಸಂಜೆ ಬಾಗಿಲು ತೆಗೆದು ಯಾರೂ ಒಳಗೆ ಬರುವುದಿಲ್ಲ ಎಂದಳು. ಅದೊಂದೇ ಸಲ ಆಕೆ ನನ್ನೆದುರು ಅತ್ತದ್ದು. ಆಮೇಲೆ ಅಳುವ ಬದಲು ಸಂಡಿಗೆಯ ಡಬ್ಬಿ ಕಳಿಸತೊಡಗಿದಳು. ವಾಟ್ಸಾಪ್ ಗುಂಪಿನಲ್ಲಿ, ದೇವಸ್ಥಾನದಲ್ಲಿ, ಹುಟ್ಟುಹಬ್ಬದ ಪಾರ್ಟಿಯಲ್ಲಿ, ಸಿಡ್ನಿಗೆ ಯಾರು ಹೊರಟಿದ್ದಾರೆ ಎಂದು ವಿಚಾರಿಸುವುದೇ ಕೆಲಸ. ಗುರುತು ಪರಿಚಯವಿಲ್ಲದವರೂ ಆಕೆಯ ಸ್ಟೀಲ್ ಡಬ್ಬಿ ಹೊತ್ತಿದ್ದಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳಿಸಿದರೆ ಭಾರ ಕಡಿಮೆ ಎಂದರೆ ಕೇಳುತ್ತಿರಲಿಲ್ಲ.

ನನ್ನ ತಂಗಿ ಇರುವುದು ಸಿಡ್ನಿಯಲ್ಲಿ. ಒಂದು ಸಲ ಅಲ್ಲಿಗೆ ಹೋದಾಗ ಎರಡು ಡಬ್ಬಿ ನನ್ನ ಕೈಗೂ ಬಂದವು. ಶಾಲುವಿನ ಫ್ಲ್ಯಾಟ್ ಹುಡುಕಿಕೊಂಡು ಹೋಗಿ ಕೊಟ್ಟೆ. ಹುಡುಗಿ ಪ್ರೀತಿಯಿಂದಲೇ ಕೂರಿಸಿ ಟೀ ಕೊಟ್ಟಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಇದು ಅವಳ ಚಿಕ್ಕಂದಿನಿಂದಲೂ ನಡೆದು ಬಂದದ್ದು. ಡಬ್ಬಿ ಇಡಲು ಕಪಾಟು ತೆಗೆದಳು. ಒಳಗೆ ಆಕೆ ಕಳಿಸಿದ್ದ ಹಳೆಯ ಡಬ್ಬಿಗಳು ಸಾಲಾಗಿ ನಿಂತಿದ್ದವು, ಎಲ್ಲವೂ ತುಂಬಿದವು. ನಾನು ನೋಡಿದ್ದನ್ನು ನೋಡಿ ಶಾಲು ಮುಖ ಕೆಂಪು ಮಾಡಿಕೊಂಡಳು. ಬಾಣಲೆ ಇಟ್ಟರೆ ಸ್ಮೋಕ್ ಅಲಾರ್ಮ್ ಹೊಡೆದುಕೊಳ್ಳುತ್ತದೆ, ಅಕ್ಕಪಕ್ಕದವರು ಬಾಗಿಲು ಬಡಿಯುತ್ತಾರೆ, ಅಮ್ಮನಿಗೆ ಹೇಳಬೇಡಿ, ಫೋನಿನಲ್ಲಿ ಚೆನ್ನಾಗಿತ್ತು ಎಂದು ಹೇಳಿಬಿಟ್ಟಿದ್ದೇನೆ ಎಂದಳು.

ನಾನು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ನಾನು ಮರಳಿದ ದಿನ ಆಕೆ ಬೇಲಿಗೆ ಬಂದು ಕೇಳಿದ ಮೊದಲ ಪ್ರಶ್ನೆ, ಮಗಳ ಅಡುಗೆಮನೆಯಲ್ಲಿ ಎಣ್ಣೆಯ ಬಾಟಲಿ ಇತ್ತೇ ಎಂಬುದು. ನಾನು ಗಮನಿಸಲಿಲ್ಲ ಎಂದು ಬಡಬಡಿಸಿದೆ. ಆಕೆ ನಕ್ಕಳು.

"ನಂಗೊತ್ತದರಿ. ಆಕಿ ಒಂದೂ ಕರದಿಲ್ಲ."

ಮತ್ತೆ ಯಾಕೆ ಇಷ್ಟು ಕಷ್ಟಪಟ್ಟು ಕಳಿಸುತ್ತೀಯ ಎಂದು ನಾನು ರೇಗಿದೆ. ಆಕೆ ಬೇಲಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾ ಹೇಳಿದಳು:

"ಸ್ಟೀಲ್ ಡಬ್ಬಿ ಯಾರೂ ಒಗಿಯಂಗಿಲ್ರಿ, ಅಕ್ಕಾರ. ತಿರುಗಿ ಕೊಡಲಿಕ್ಕರೆ ಮನಿಗೆ ಬರಬೇಕಲ್ಲ."

ಎಸೆದುಬಿಡಬಹುದಾದ ಪ್ಲಾಸ್ಟಿಕ್ ಡಬ್ಬಿ ಯಾಕೆ ಆಗುತ್ತಿರಲಿಲ್ಲವೆಂದು ಆಗ ನನಗೆ ಗೊತ್ತಾಯಿತು. ಆಕೆಯ ಇಡೀ ವಸಂತ ಈ ಒಂದು ಆಸೆಯ ಮೇಲೆ ನಿಂತಿತ್ತು. ರಜಾಯಿ ಒಣಗಿಸಿದರೂ ಮಗಳ ಕೋಣೆಯದು ಮೊದಲು. ಮೆಂತ್ಯ ಬಿತ್ತಿದರೂ ಅವಳು ಬರುವ ಹೊತ್ತಿಗೆ ಸೊಪ್ಪಾಗಬೇಕೆಂದು.

ಹೋದ ವರ್ಷ ದೀಪಾವಳಿಗೆ ಬರುತ್ತೇನೆಂದಿದ್ದ ಶಾಲುವಿಗೆ ಕೆಲಸದಿಂದ ಬಿಡುವಾಗಲಿಲ್ಲ. ಡಿಸೆಂಬರಿಗೆ ಖಂಡಿತ ಎಂದಳು. ಆಕೆ ಬೇಸರ ಮಾಡಿಕೊಳ್ಳಲಿಲ್ಲ, ಅಥವಾ ನನಗೆ ತೋರಿಸಲಿಲ್ಲ. ಈ ಸಲದ ಸಂಡಿಗೆ ಸಿಡ್ನಿಗೆ ಕಳಿಸುವುದಿಲ್ಲ, ಅವಳು ಬಂದ ದಿನ ತಾನೇ ಎಣ್ಣೆ ಕಾಯಿಸಿ, ಬಿಸಿ ಅನ್ನ ಸಾರಿನ ಜೊತೆ ಕರಿದು ಹಾಕುತ್ತೇನೆ, ಹೇಗೆ ತಿನ್ನುವುದಿಲ್ಲವೋ ನೋಡುತ್ತೇನೆ ಎಂದಳು. ಹಾಗೆಂದು ಹೇಳುವಾಗಲೇ ನಡುನಡುವೆ ಸೀನುತ್ತಿದ್ದಳು. ಆ ವರ್ಷ ಮಳೆ ಜಾಸ್ತಿಯಾಗಿ ಹುಲ್ಲು ಎಂದಿಗಿಂತ ಎತ್ತರ ಬೆಳೆದಿತ್ತು, ಆಕೆಯ ಕಣ್ಣು ಸದಾ ಕೆಂಪಗಿರುತ್ತಿತ್ತು. ಡಾಕ್ಟರು ಇದು ನೆಗಡಿಯಲ್ಲ, ಹುಲ್ಲಿನ ಪರಾಗಕ್ಕೆ ಆಗುವ ಅಲರ್ಜಿ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಆಕೆ ಮಾತ್ರೆಯನ್ನು ಡ್ರಾಯರಿಗೆ ಸೇರಿಸಿ ಶುಂಠಿ ಕಷಾಯ ಕುಡಿಯುತ್ತಿದ್ದಳು. ನಾನು ಬೈದರೆ, "ಬಣವಿ ಮ್ಯಾಲೆ ಮಲಕೊಂಡು ಬೆಳದಾಕಿ ನಾ. ಹುಲ್ಲು ನಂಗೇನು ಮಾಡ್ತದ?" ಎನ್ನುತ್ತಿದ್ದಳು. ತವರಿನಲ್ಲಿ ಜೋಳದ ಕಣಿಕೆ, ಹುಲ್ಲು ಎಲ್ಲ ಒಟ್ಟಿದ್ದ ಹಿತ್ತಿಲಿನ ಕತೆ ಶುರುವಾಗುತ್ತಿತ್ತು. ಆ ಹುಲ್ಲೇ ಬೇರೆ, ಈ ಹುಲ್ಲೇ ಬೇರೆ ಎಂದು ನನಗಾದರೂ ಎಲ್ಲಿ ಗೊತ್ತಿತ್ತು.

ಆ ದಿನ ನಾನು ಸಿಟಿಯಲ್ಲಿ ಆಫೀಸಿನಲ್ಲಿದ್ದೆ. ಆಕೆಯ ಗಂಡನೂ ಕೆಲಸಕ್ಕೆ ಹೋಗಿದ್ದರು. ಬೆಳಗ್ಗೆ ನಾನು ಹೊರಡುವ ಮೊದಲು ಇಬ್ಬರೂ ಸೇರಿ ಧೋತರ ಹಾಸಿದ್ದೆವು. ಆಕೆ ಹಿಟ್ಟು ಬೇಯಿಸಿಟ್ಟಿದ್ದಳು, ಇಂಗು ಜೀರಿಗೆಯ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಬೆಂಕಿಯಂಥ ಗಾಳಿ. ಇಂಥ ಬಿಸಿಲು ಸಿಕ್ಕರೆ ಒಂದೇ ದಿನಕ್ಕೆ ಅರ್ಧ ಒಣಗುತ್ತದೆ ಎಂದು ಬಹಳ ಖುಷಿಯಲ್ಲಿದ್ದಳು. ಮಧ್ಯಾಹ್ನ ನನಗೆ ಫೋಟೋ ಕಳಿಸಿದಳು, ಟ್ರ್ಯಾಂಪೊಲಿನ್ ತುಂಬ ಬೆಳ್ಳಗೆ ಸಂಡಿಗೆಯ ಸಾಲು.

ಸಂಜೆಗೆ ಪಶ್ಚಿಮದಿಂದ ಮೋಡ ಬಂತು. ಗುಡುಗು, ತಣ್ಣನೆಯ ಗಾಳಿ, ಧೂಳು. ಆಕೆ ಮಾಡಿದ್ದು ನಮ್ಮೂರಿನ ಯಾವ ಹೆಂಗಸಾದರೂ ಮಾಡುತ್ತಿದ್ದದ್ದನ್ನೇ. ಮೋಡ ಕವಿದರೆ ನಾವು ಹೊರಗೆ ಓಡುತ್ತೇವೆ. ಹಪ್ಪಳ, ಸಂಡಿಗೆ, ಬಟ್ಟೆ ಏನಿದೆಯೋ ಬಾಚಿಕೊಂಡು ಬರುತ್ತೇವೆ. ತಾಯಿಯಿಂದ ಕಲಿತದ್ದು, ಯಾರೂ ಕಲಿಸದೆಯೂ ಬಂದದ್ದು. ಇಲ್ಲಿ ಅಂಥ ಗಾಳಿಗೆ ಒಳಗೆ ಓಡಿ ಬಾಗಿಲು ಹಾಕಿಕೊಳ್ಳಬೇಕಿತ್ತು. ಬಿರುಗಾಳಿ ಮಳೆ ಒಟ್ಟಿಗೆ ಬಂದರೆ ಹುಲ್ಲಿನ ಪರಾಗ ಒಡೆದು ಪುಡಿ ಪುಡಿಯಾಗಿ ಎದೆಯ ಆಳಕ್ಕೆ ಇಳಿಯುತ್ತದಂತೆ, ವಸಂತದಲ್ಲಿ ಸೀನುವವರಿಗೆ ಅದು ಉಸಿರು ಕಟ್ಟಿಸುತ್ತದಂತೆ. ಆಸ್ಪತ್ರೆಯ ಡಾಕ್ಟರು ಇದನ್ನೆಲ್ಲ ಬಿಡಿಸಿ ಹೇಳಿದರು. ಹೇಳುವಾಗ ಕೇಳಬೇಕಾದಾಕೆ ಇರಲಿಲ್ಲ.

ಇಬ್ಬರ ಕೆಲಸವನ್ನು ಆಕೆ ಒಬ್ಬಳೇ ಮಾಡಿದ್ದಳು. ಬಲೆಯೊಳಗೆ ಹತ್ತಿ, ಧೋತರದ ನಾಲ್ಕೂ ತುದಿ ಸೇರಿಸಿ ಗಂಟು ಹಾಕಿ, ಗ್ಯಾರೇಜಿಗೆ ತಂದಿದ್ದಳು. ಒಂದು ಹನಿಯೂ ತಾಗಿರಲಿಲ್ಲ. ಗಂಡ ಬಂದಾಗ ಗೋಡೆಗೆ ಒರಗಿ ಕುಳಿತಿದ್ದಳು, ಗಂಟು ಮಡಿಲಲ್ಲಿತ್ತು. ಅಂಬುಲೆನ್ಸ್ ಬೇಗನೆ ಬಂತು, ಅವರು ಮಾಡುವುದನ್ನೆಲ್ಲ ಮಾಡಿದರು. ನಾನು ಸ್ಟೇಷನ್ನಿನಿಂದ ನಡೆದು ಬೀದಿಗೆ ತಿರುಗಿದಾಗ ಗಾಡಿ ಹೊರಡುತ್ತಿತ್ತು. ಈಗಲೂ ನನಗೆ ಆಕೆಯ ಮೇಲೆ ಸಿಟ್ಟಿದೆ. ಅಕ್ಕಿ ಹಿಟ್ಟಿನ ಸಂಡಿಗೆ, ನೆನೆದರೆ ನೆನೆಯಲಿ, ಮರುದಿನ ಮತ್ತೊಮ್ಮೆ ಒತ್ತಬಹುದಿತ್ತು. ಈ ಮಾತನ್ನು ಬೇಲಿಯ ಬಳಿ ನಿಂತು ಎಷ್ಟೋ ಸಲ ಜೋರಾಗಿಯೇ ಹೇಳಿದ್ದೇನೆ. ಹೇಳಿ ಅತ್ತಿದ್ದೇನೆ.

ಶಾಲು ಕೊನೆಯ ವಿಮಾನ ಹಿಡಿದು ಬಂದಳು. ದೊಡ್ಡ ಸೂಟ್‌ಕೇಸ್ ತಂದಿದ್ದಳು. ಮರುದಿನ ಸ್ನಾನಕ್ಕೆ ಬಟ್ಟೆ ತೆಗೆಯೋಣವೆಂದು ನಾನು ಅದನ್ನು ತೆರೆದರೆ ಒಳಗೆ ಒಂದೂ ಬಟ್ಟೆ ಇರಲಿಲ್ಲ. ಬರೀ ಡಬ್ಬಿಗಳು. ಆಕೆ ಕಳಿಸಿದ ಅಷ್ಟೂ ಸ್ಟೀಲ್ ಡಬ್ಬಿಗಳನ್ನು, ತುಂಬಿದ್ದವನ್ನು ತುಂಬಿದ ಹಾಗೆಯೇ ಹುಡುಗಿ ತಿರುಗಿ ತಂದಿದ್ದಳು. ಯಾಕೆ ತಂದಳೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ತಾಯಿಯ ಬಟ್ಟೆ ಉಟ್ಟುಕೊಂಡೇ ಆ ದಿನಗಳನ್ನು ಕಳೆದಳು.

ಇಲ್ಲಿ ಸತ್ತ ಮೇಲೂ ಕಾಯಬೇಕು. ಕಾಗದಪತ್ರ ಮುಗಿದು, ಸ್ಮಶಾನದಲ್ಲಿ ಹೊತ್ತು ಸಿಕ್ಕು, ದಹನವಾಗಲು ದಿನಗಳೇ ಹಿಡಿದವು. ಆ ಕಾಯುವ ದಿನಗಳಲ್ಲಿ ಶಾಲು ಗ್ಯಾರೇಜಿನಲ್ಲಿದ್ದ ಗಂಟನ್ನು ಕಂಡಳು. ಬಿಚ್ಚಿ ನೋಡಿ, ಇವು ಇನ್ನೂ ಹಸಿ ಎಂದಳು. ಸಾವಿನ ಮನೆಯಲ್ಲಿ ಸಂಡಿಗೆ ಒಣಗಿಸುತ್ತಾರೆಯೇ ಎಂದು ಬಂದವರಲ್ಲಿ ಯಾರೋ ಗೊಣಗಿದರು. ಕರಿಯುವಂತಿಲ್ಲ ಸರಿ, ಒಣಗಿಸಬಾರದೆಂದು ಯಾವ ಶಾಸ್ತ್ರದಲ್ಲಿದೆ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಹುಡುಗಿಯ ಜೊತೆ ಧೋತರದ ಇನ್ನೊಂದು ತುದಿ ಹಿಡಿದು ಹಾಸಿದೆ.

ಬಿರುಗಾಳಿಯ ನಂತರ ಚಳಿ ಮರಳಿತ್ತು. ಬಿಸಿಲು ಬಂದರೆ ಹೊರಗೆ, ಮೋಡ ಬಂದರೆ ಒಳಗೆ. ಆದರೆ ಮೋಡ ಕಂಡ ಕೂಡಲೇ ಅವಳ ತಂದೆ ಮಗಳನ್ನು ಮನೆಯೊಳಗೆ ಕಳಿಸಿ, ಬಾಗಿಲು ಹಾಕಿಸಿ, ತಾವೇ ಹೋಗಿ ಧೋತರ ಎತ್ತುತ್ತಿದ್ದರು. ಯಾವತ್ತೂ ಅಡುಗೆಮನೆಗೆ ಕಾಲಿಡದ ಮನುಷ್ಯ. ಒಂದು ಸಂಡಿಗೆ ಕೆಳಗೆ ಬಿದ್ದರೂ ಬಗ್ಗಿ ಹುಡುಕಿ, ಊದಿ, ಮತ್ತೆ ಧೋತರಕ್ಕೆ ಹಾಕುತ್ತಿದ್ದರು. ಅಡುಗೆಮನೆಯ ಗಡಿಯಾರವನ್ನು ಅವರೂ ಸರಿ ಮಾಡಲಿಲ್ಲ. ಇವತ್ತಿಗೂ ಅದು ಒಂದು ಗಂಟೆ ಹಿಂದೆಯೇ ಇದೆ.

ಕರ್ಮಗಳೆಲ್ಲ ಮುಗಿದವು. ಶಾಲುವಿನ ರಜೆಯೂ ಮುಗಿದು, ಮರುದಿನ ಬೆಳಗ್ಗೆ ಸಿಡ್ನಿಗೆ ಹೊರಡುವವಳಿದ್ದಳು. ಅವತ್ತು ಬೆಳಗಿನಿಂದ ಒಳ್ಳೆಯ ಬಿಸಿಲು ಬಿತ್ತು. ಸಂಜೆಗೆ ಅವಳು ನನ್ನನ್ನು ಕರೆದಳು. ನಾವು ಟ್ರ್ಯಾಂಪೊಲಿನ್ನಿನ ಎರಡು ಬದಿಯಲ್ಲಿ ನಿಂತಿದ್ದೆವು. ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುವುದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ತಾಯಿ ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದದ್ದನ್ನು ಹೇಳಿದೆ. ಟಕ್ ಎಂದರೆ ಡಬ್ಬಿಗೆ ತುಂಬಿ, ನೀನು ನಿಶ್ಚಿಂತೆಯಿಂದ ಹೊರಡಬಹುದು ಎಂದೆ.

ಶಾಲು ಒಂದು ಸಂಡಿಗೆ ತೆಗೆದುಕೊಂಡು, ಉಟ್ಟಿದ್ದ ಅಮ್ಮನ ಸೀರೆಯ ಸೆರಗನ್ನು ಹಿಂದಕ್ಕೆ ಸರಿಸಿ, ಕಿವಿಯ ಹತ್ತಿರ ಹಿಡಿದು ಮುರಿದಳು. ಇನ್ನೊಂದು ಬದಿಯಲ್ಲಿದ್ದ ನನಗೂ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಅವಳ ತಂದೆಗೂ ಕೇಳಿಸಿರಬೇಕು, ಅವರು ತಲೆಯೆತ್ತಿ ನೋಡಿದರು. ಟಕ್ ಎಂದು, ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ. ಅವಳು ಇನ್ನೊಂದನ್ನು ತೆಗೆದು ಮುರಿದಳು. ಅದೂ ಹಾಗೆಯೇ.

ಕೈಯಲ್ಲಿದ್ದ ಚೂರುಗಳನ್ನು ಧೋತರದ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು, ಬಟ್ಟೆಯ ಸುಕ್ಕನ್ನು ಅಂಗೈಯಿಂದ ನೇವರಿಸಿ ಸರಿಮಾಡಿದಳು. ಇಷ್ಟು ವರ್ಷ ನಾನು ಅವಳ ಬಾಯಲ್ಲಿ ಒಮ್ಮೆಯೂ ಕೇಳದ ಧಾರವಾಡದ ಕನ್ನಡದಲ್ಲಿ ಹೇಳಿದಳು:

"ಇನ್ನೊಂದು ಬಿಸಲು ಬೇಕ್ರಿ, ಆಂಟಿ."

ಹೌದಮ್ಮ, ಬೇಕು ಎಂದೆ ನಾನು.